ಡಾಕ್ಟ್ರೇ, ನನ್ನ ಹೆಬ್ಬೆರಳು ಎಷ್ಟು ಸರಿಯಾಗುತ್ತೆ?

ಹೆಬ್ಬೆರಳ ಬುಡದಲ್ಲಿರುವ ಪುಟ್ಟ ಕೀಲು ಕುದುರೆಯ ಜೀನಿನ ಆಕಾರದ್ದು. ಬೆರಳ ತುದಿಯಿಂದ 1 ಕಿಲೊ ಬಲ ಹಾಕಿ ಚಿವುಟಿದರೆ ಈ ಕೀಲಿನ ಮೇಲೆ ಸುಮಾರು 12 ಕಿಲೊ ಭಾರ ಬೀಳುತ್ತದೆ ಎಂದು ಸಂಶೋಧಕರಾದ ಕೂನಿ ಮತ್ತು ಚಾವೊ 1977ರಲ್ಲೇ ಲೆಕ್ಕ ಹಾಕಿದ್ದರು. ಇಷ್ಟು ದುಡಿಯುವ ಕೀಲು ಸವೆಯುವುದರಲ್ಲಿ ಅಚ್ಚರಿಯಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಈ ಸವೆತ ಹೆಚ್ಚು.

ಚಿಕಿತ್ಸೆಯೇನೋ ಬೇಗ ಬಂತು. 1949ರಲ್ಲಿ ಬ್ರಿಟನ್ನಿನ ಗರ್ವಿಸ್, ಕೀಲಿನ ಒಂದು ಬದಿಯ ಟ್ರೆಪಿಸಿಯಂ ಮೂಳೆಯನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದರು. 1970ರ ದಶಕದಲ್ಲಿ ಫ್ರಾನ್ಸಿನ ಡೆ ಲಾ ಕಫಿನಿಯೇರ್, ಸೊಂಟಕ್ಕೆ ಹಾಕುವಂಥದೇ ಗುಂಡು ಮತ್ತು ಬಟ್ಟಲಿನ ಕೃತಕ ಕೀಲನ್ನು ಹೆಬ್ಬೆರಳಿಗೂ ಕೂರಿಸಿದರು. ಬಟ್ಟಲು ಸಡಿಲವಾಗುವುದು, ಗುಂಡು ಜಾರುವುದು ಅದರ ದೊಡ್ಡ ತೊಂದರೆಗಳಾಗಿದ್ದವು. ಹೊಸ ಮಾದರಿಗಳಲ್ಲಿ ಗುಂಡು ಜಾರುವುದು ಬಹಳ ಕಡಿಮೆಯಾಗಿದೆ.

ಉತ್ತರ ಸಿಗದೆ ಉಳಿದದ್ದು ರೋಗಿಯ ಪ್ರಶ್ನೆಗೆ. ವೈದ್ಯರು ಎಕ್ಸ್-ರೇ ನೋಡಿ ಅಂದಾಜು ಹೇಳುತ್ತಿದ್ದರು. ಆದರೆ ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ಹೆಚ್ಚಿನ ತಾಳೆಯಿಲ್ಲ. ಕೀಲು ಪೂರ್ತಿ ಸವೆದರೂ ಆರಾಮಾಗಿ ಓಡಾಡಿಕೊಂಡಿರುವವರಿದ್ದಾರೆ. ಅಲ್ಪ ಸವೆತಕ್ಕೇ ರಾತ್ರಿಯಿಡೀ ನಿದ್ದೆಗೆಟ್ಟವರೂ ಇದ್ದಾರೆ.

ದಾರಿ ತೆರೆದದ್ದು ರೋಗಿಯನ್ನೇ ಕೇಳಿದಾಗ. 1998ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕೆವಿನ್ ಚಂಗ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ಪ್ರಕಟಿಸಿದರು. ನಾಣ್ಯ ಹೆಕ್ಕಲು ಎಷ್ಟು ಕಷ್ಟ? ಬಾಣಲೆ ಹಿಡಿಯಲು? ನೋವು ಎಷ್ಟು? ಉತ್ತರಗಳು ಸೊನ್ನೆಯಿಂದ 100ರವರೆಗಿನ ಅಂಕಗಳಾದವು. ನನ್ನ ದೃಷ್ಟಿಯಲ್ಲಿ ಇದು ಯಾವ ಕೃತಕ ಕೀಲಿಗೂ ಕಡಿಮೆಯ ಸಾಧನೆಯಲ್ಲ.

ನೆದರ್ಲೆಂಡ್ಸಿನ ಕೈ ಚಿಕಿತ್ಸಾಲಯಗಳು ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ನಂತರ ಇದನ್ನು ತುಂಬಿಸಿಕೊಳ್ಳುವುದನ್ನು ವಾಡಿಕೆ ಮಾಡಿಕೊಂಡವು. ಆ ರಾಶಿ ಉತ್ತರಗಳನ್ನು ಕಂಪ್ಯೂಟರಿಗೆ ಉಣಿಸಿ, ರಾಟರ್‌ಡ್ಯಾಮಿನ ಎರಾಸ್ಮಸ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ನಂತರ ಸುಧಾರಿಸಿರುವ ಒಬ್ಬರನ್ನೂ ಸುಧಾರಿಸದ ಒಬ್ಬರನ್ನೂ ಜೋಡಿಯಾಗಿ ಕೊಟ್ಟರೆ, ಸುಧಾರಿಸಿದವರು ಯಾರೆಂದು ಶಸ್ತ್ರಚಿಕಿತ್ಸೆಗೆ ಮುಂಚಿನ ಉತ್ತರಗಳಿಂದ ಕೈಕೆಲಸದ ವಿಷಯದಲ್ಲಿ ಯಂತ್ರ 100 ಜೋಡಿಗಳಲ್ಲಿ ಸುಮಾರು 74 ಸಲ ಸರಿಯಾಗಿ ಗುರುತಿಸಿತು. ನೋವಿನ ವಿಷಯದಲ್ಲಿ 59 ಸಲ ಮಾತ್ರ. ಕಣ್ಣುಮುಚ್ಚಿ ಹೇಳಿದರೂ 50 ಸರಿ ಬರುತ್ತಿತ್ತು! ಮೊದಲೇ ಕೈ ಸಾಕಷ್ಟು ಆಡುತ್ತಿದ್ದವರಿಗೆ ಹೆಚ್ಚಿನ ಲಾಭಕ್ಕೆ ಜಾಗವಿರುವುದಿಲ್ಲ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ರೋಗಿಗೆ ಹೇಳಬೇಕು.

ಆ ಅಧ್ಯಯನದ ಬಹುಪಾಲು ರೋಗಿಗಳಿಗೆ ಆಗಿದ್ದು ಮೂಳೆ ತೆಗೆಯುವ ಶಸ್ತ್ರಚಿಕಿತ್ಸೆ. ಕೃತಕ ಕೀಲಿಗೆ ಬೇರೆಯದೇ ಲೆಕ್ಕ ಬೇಕು. ನಮ್ಮಲ್ಲಿ ಆ ಲೆಕ್ಕ ಮಾಡುವವರು ಬಾಣಲೆಯ ಜೊತೆಗೆ ಬಟ್ಟೆ ಹಿಂಡುವುದನ್ನೂ, ರಾಗಿ ಮುದ್ದೆ ತೊಳಸುವುದನ್ನೂ ಕೇಳಲಿ.