ಮಡಿಕೇರಿ

ಮಡಿಕೇರಿಯು ಕರ್ನಾಟಕದ ಕೊಡಗು ಜಿಲ್ಲೆಯ ಆಡಳಿತ ಕೇಂದ್ರ ಹಾಗೂ ಪಶ್ಚಿಮ ಘಟ್ಟಗಳಲ್ಲಿರುವ ಒಂದು ಗಿರಿಧಾಮ. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಈ ಪಟ್ಟಣ ಮೈಸೂರಿನಿಂದ ಸುಮಾರು 120 ಕಿ.ಮೀ. ದೂರದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಇದನ್ನು ಮರ್ಕೆರಾ ಎಂದು ಕರೆಯುತ್ತಿದ್ದರು. ಭಾರತದ ಅನೇಕ ಗಿರಿಧಾಮಗಳನ್ನು ಬ್ರಿಟಿಷರು ಬೇಸಿಗೆಯ ವಿಶ್ರಾಂತಿಗಾಗಿ ಕಟ್ಟಿದರು; ಮಡಿಕೇರಿ ಅದಕ್ಕೂ ಮೊದಲೇ ರಾಜಧಾನಿಯಾಗಿತ್ತು.

ಇತಿಹಾಸ

ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ಬದಲಾಯಿಸಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಅವನ ಹೆಸರಿನಿಂದ ಬಂದ 'ಮುದ್ದುರಾಜನ ಕೇರಿ'ಯೇ ಕ್ರಮೇಣ ಮಡಿಕೇರಿಯಾಯಿತು ಎಂಬ ಪ್ರತೀತಿಯಿದೆ. ಟಿಪ್ಪು ಸುಲ್ತಾನನು ಕೋಟೆಯನ್ನು ಕಲ್ಲಿನಿಂದ ಪುನರ್ನಿರ್ಮಿಸಿ ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟನು. 1790ರ ಸುಮಾರಿಗೆ ದೊಡ್ಡ ವೀರರಾಜೇಂದ್ರನು ಇದನ್ನು ಮರಳಿ ಪಡೆದನು. ಓಂಕಾರೇಶ್ವರ ದೇವಾಲಯವನ್ನು ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದನು.

1834ರಲ್ಲಿ ಬ್ರಿಟಿಷರು ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಬೆಳೆಗಾರ ಮಡಿಕೇರಿಯಲ್ಲಿ ಕಾಫಿ ತೋಟವನ್ನು ಆರಂಭಿಸಿದ ನಂತರ ಸುತ್ತಲಿನ ಕಾಡುಗಳು ತೋಟಗಳಾಗತೊಡಗಿದವು. ಸ್ವಾತಂತ್ರ್ಯಾನಂತರ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು, ಮಡಿಕೇರಿ ಅದರ ರಾಜಧಾನಿಯಾಗಿತ್ತು. 1952ರಿಂದ 1956ರವರೆಗೆ ಸಿ. ಎಂ. ಪೂಣಚ್ಚ ಅವರು ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನಗೊಂಡು, ಮಡಿಕೇರಿ ಜಿಲ್ಲಾ ಕೇಂದ್ರವಾಯಿತು.

ಜನಸಂಖ್ಯೆ

2011ರ ಜನಗಣತಿಯ ಪ್ರಕಾರ ಪಟ್ಟಣದ ಜನಸಂಖ್ಯೆ 33,381. 2001ರಲ್ಲಿ ಇದು ಸುಮಾರು 32 ಸಾವಿರವಿತ್ತು. ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆಯೂ ಅದೇ ದಶಕದಲ್ಲಿ 5,48,561ರಿಂದ 5,54,519ಕ್ಕೆ, ಅಂದರೆ ಶೇಕಡಾ 1ರಷ್ಟು ಮಾತ್ರ ಏರಿತು. ಕನ್ನಡದ ಜೊತೆಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಮುಂತಾದ ಭಾಷೆಗಳನ್ನಾಡುವವರು ಇಲ್ಲಿದ್ದಾರೆ.

ಆದರೆ ಪಟ್ಟಣದ ಮೇಲಿನ ಒತ್ತಡವನ್ನು ಈ ಅಂಕಿಗಳು ಪೂರ್ಣವಾಗಿ ತೋರಿಸುವುದಿಲ್ಲ. ವಾರಾಂತ್ಯಗಳಲ್ಲಿ ಮತ್ತು ದಸರಾ ಸಮಯದಲ್ಲಿ ಬರುವ ಪ್ರವಾಸಿಗರು ಜನಗಣತಿಯ ಲೆಕ್ಕಕ್ಕೆ ಸೇರದಿದ್ದರೂ, ನೀರು, ರಸ್ತೆ ಮತ್ತು ವಸತಿ ಅವರಿಗೂ ಬೇಕು. ಇದಕ್ಕಾಗಿ ಗುಡ್ಡದ ಇಳಿಜಾರುಗಳಲ್ಲಿ ಹೋಂಸ್ಟೇ ಹಾಗೂ ಕಟ್ಟಡಗಳು ಹೆಚ್ಚಿದವು. 2018ರ ಆಗಸ್ಟ್‌ನ ಭಾರಿ ಮಳೆಗೆ ಪಟ್ಟಣದ ಕೆಲವು ಬಡಾವಣೆಗಳಲ್ಲಿಯೂ ಸಮೀಪದ ಮಕ್ಕಂದೂರು, ಜೋಡುಪಾಲ ಮುಂತಾದೆಡೆಗಳಲ್ಲಿಯೂ ಭೂಕುಸಿತವಾಗಿ ಅನೇಕರು ಮನೆ ಕಳೆದುಕೊಂಡರು. ಅತಿವೃಷ್ಟಿಯ ಜೊತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರುಗಳನ್ನು ಕಡಿದದ್ದನ್ನೂ ಭೂವಿಜ್ಞಾನಿಗಳು ಇದಕ್ಕೆ ಕಾರಣವೆಂದು ಗುರುತಿಸಿದ್ದಾರೆ.