ಒಂದೇ ಸೂರಿನಡಿ ನೂರು ನಿದ್ದೆ

ಪನ್ಹಾಳಗಡದ ಮಳೆಗಾಲದ ನಡಿಗೆ ಇರಲಿ, ಪಂಢರಪುರದ ವಾರಿ ಇರಲಿ, ಕೊಲ್ಹಾಪುರ ಸೀಮೆಯ ಕಾಲ್ದಾರಿಗಳಲ್ಲಿ ರಾತ್ರಿಯ ವಸ್ತಿ ಹತ್ತು ಜನರ ಜೊತೆಗೇ. ಅದರಲ್ಲಿ ಸುಖವೆಷ್ಟು, ಸಂಕಟವೆಷ್ಟು?

1660ರ ಜುಲೈ 12ರ ರಾತ್ರಿ ಶಿವಾಜಿ ಮಹಾರಾಜರು ಸಿದ್ದಿ ಜೌಹರನ ಮುತ್ತಿಗೆಯಿಂದ ತಪ್ಪಿಸಿಕೊಂಡು ಪನ್ಹಾಳಗಡದಿಂದ ವಿಶಾಳಗಡದ ಕಡೆ ಹೊರಟರು. ಧೋ ಎಂದು ಸುರಿಯುವ ಮಳೆ, ಮೊಣಕಾಲುದ್ದ ಕೆಸರು, ಬೆನ್ನ ಹಿಂದೆ ಶತ್ರು. ಮರುದಿನ ಘೋಡಖಿಂಡಿಯಲ್ಲಿ ಬಾಜಿಪ್ರಭು ದೇಶಪಾಂಡೆ ಬೆನ್ನಟ್ಟಿದವರನ್ನು ತಡೆದು ನಿಂತು ಪ್ರಾಣ ಕೊಟ್ಟರು. ಆ ಕಣಿವೆಗೆ ಪಾವನಖಿಂಡ ಎಂದು ಹೆಸರಾಯಿತು. ಆ ದಂಡಿನಲ್ಲಿ ಆ ರಾತ್ರಿ ಕಣ್ಣು ಮುಚ್ಚಿದವರಿಲ್ಲ. ಇವತ್ತು ಅದೇ ದಾರಿ ಹಿಡಿಯುವವರು ಮಾತ್ರ ನಡುವೆ ಒಂದು ರಾತ್ರಿ ಎಲ್ಲಾದರೂ ಮಲಗಲೇಬೇಕು.

ಪ್ರತಿ ವರ್ಷ ಜುಲೈ ಬಂತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ಸಾಂಗಲಿ, ಪುಣೆಯ ಕಡೆಯಿಂದ ತಂಡತಂಡವಾಗಿ ಜನ ಪನ್ಹಾಳಕ್ಕೆ ಬರುತ್ತಾರೆ. ಕೋಟೆ ಇಳಿದು, ಮಸಾಯಿ ಪಠಾರ ದಾಟಿ, ಸಣ್ಣ ಸಣ್ಣ ವಾಡಿಗಳ ಮೂಲಕ ಪಾವನಖಿಂಡ ಮುಟ್ಟುವ ಈ ನಡಿಗೆ 50 ಕಿ.ಮೀ. ಆಸುಪಾಸಿನದು. ಗಟ್ಟಿ ಕಾಲಿನವರಿಗೂ ಎರಡು ದಿನ ಬೇಕು. ಮರಾಠಾ ಸೇನಾ ಭೂದೃಶ್ಯಗಳೆಂದು 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಕೋಟೆಗಳಲ್ಲಿ ಪನ್ಹಾಳವೂ ಒಂದು. ಬರುವವರ ಸಂಖ್ಯೆ ಇನ್ನು ಕಡಿಮೆಯಾಗುವ ಮಾತಿಲ್ಲ. ಹಾಗಾಗಿ ಅವರೆಲ್ಲ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದು ನಡೆಯುವವರದಷ್ಟೇ ಚಿಂತೆಯಾಗಿ ಉಳಿದಿಲ್ಲ, ದಾರಿಯಲ್ಲಿರುವ ಊರುಗಳ ಚಿಂತೆಯೂ ಆಗಿದೆ.

ವಾಡಿಯ ಪಡಸಾಲೆ

ಮೊದಲ ದಿನದ ವಸ್ತಿ ಹೆಚ್ಚಾಗಿ ಕರಪೇವಾಡಿ, ಆಂಬೇವಾಡಿಯಂಥ ಊರುಗಳಲ್ಲಿ. ಹೋಟೆಲಿಲ್ಲ, ಲಾಡ್ಜಿಲ್ಲ. ಇರುವುದು ಹಂಚಿನ ಮನೆಗಳ ಪಡಸಾಲೆ, ಗುಡಿಯ ಮಂಟಪ, ಜಿಲ್ಲಾ ಪರಿಷತ್ ಶಾಲೆಯ ಕೋಣೆ. ಡೇರೆ ಹೊತ್ತು ತಂದವರೂ ಇಲ್ಲಿ ಸೂರು ಹುಡುಕುತ್ತಾರೆ. ಇಚಲಕರಂಜಿ, ಶಿರೋಳದ ಕಡೆಯ ಮಳೆಗೂ ಸಹ್ಯಾದ್ರಿಯ ಅಂಚಿನ ಈ ಮಳೆಗೂ ಅಜಗಜಾಂತರ. ಬಯಲಲ್ಲಿ ಸಾಲುವ ಡೇರೆ ಇಲ್ಲಿ ಮಧ್ಯರಾತ್ರಿಗೇ ಕೈಕೊಡುತ್ತದೆ. ನೆಲದ ಅಡಿಯಿಂದಲೇ ನೀರು ಒಸರುವ ಜಾಗದಲ್ಲಿ ಎಷ್ಟು ಬೆಲೆಯ ಡೇರೆಯಾದರೇನು?

ಸೂರಿನ ಮೊದಲ ಲಾಭ ಮೈ ಒಣಗುವುದು. ಇಡೀ ದಿನ ನೆನೆದು, ಬೆರಳ ತುದಿ ಬಿಳಿಚಿಕೊಂಡು ಬಂದವರಿಗೆ ಒಲೆಯ ಮುಂದಿನ ಬಿಸಿ, ಬಿದಿರಿನ ಗಳುವಿನ ಮೇಲೆ ಹರವಿದ ಅಂಗಿ, ಅಕ್ಕಿ ಇಲ್ಲವೇ ರಾಗಿಯ ಭಾಕರಿ, ಮೇಲೆ ಬಿಸಿ ಪಿಠ್ಲ. ಮೈ ಒದ್ದೆಯಾಗಿ ಗಾಳಿಗೆ ಬಿದ್ದರೆ ನಮ್ಮ ಸೀಮೆಯಲ್ಲೂ ಮೈಯ ಕಾವು ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದಕ್ಕೆ ಹಿಮಾಲಯವೇ ಬೇಕೆಂದಿಲ್ಲ.

ಎರಡನೆಯದು ಬೆನ್ನಿನ ಭಾರ. ಡೇರೆ, ಒಲೆ, ಪಾತ್ರೆ, ಅಕ್ಕಿಬೇಳೆ ಎಲ್ಲ ಬಿಟ್ಟರೆ ಚೀಲ ಅರ್ಧಕ್ಕಿಳಿಯುತ್ತದೆ. ಕೆಸರಿನ ಇಳಿಜಾರಿನಲ್ಲಿ ಜಾರಿ ಬೀಳುವವರು ಹೆಚ್ಚಾಗಿ ಭಾರ ಹೊತ್ತವರೇ. ಮೂರನೆಯದು ದಾರಿಯ ಸುದ್ದಿ. ಯಾವ ಹಳ್ಳದಲ್ಲಿ ನೀರು ಏರಿದೆ, ಯಾವ ಕವಲಿನಲ್ಲಿ ಮಂಜು ಕವಿದು ದಾರಿ ತಪ್ಪುತ್ತದೆ, ಬೆಳಗ್ಗೆ ಎಷ್ಟಕ್ಕೆ ಬಿಡಬೇಕು ಎಂಬುದನ್ನು ಮೊಬೈಲ್ ನಕಾಶೆ ಹೇಳುವುದಿಲ್ಲ. ಭಾಕರಿ ಬಡಿಸುವ ಮಾವಶಿ ಹೇಳುತ್ತಾರೆ. ನಾಲ್ಕನೆಯದು ಊರಿಗೆ ಸಿಗುವ ನಾಲ್ಕು ಕಾಸು. ಮಳೆಗಾಲದಲ್ಲಿ ನಾಟಿ ಕೆಲಸ ಬಿಟ್ಟರೆ ಬೇರೆ ವರಮಾನವಿಲ್ಲದ ವಾಡಿಗಳಿಗೆ ಊಟ, ವಸ್ತಿಯ ದುಡ್ಡು ಸಣ್ಣದಲ್ಲ.

ಹಳೆಯ ನಡಿಗೆಯವರ ಪಾಠ

ಟ್ರೆಕ್ಕಿಂಗ್ ಎಂಬ ಮಾತು ಬರುವ ಎಷ್ಟೋ ಮೊದಲಿನಿಂದ ಈ ಸೀಮೆ ನಡೆಯುವವರ ಸೀಮೆ. ಆಷಾಢದಲ್ಲಿ ಪಂಢರಪುರ, ಚೈತ್ರದಲ್ಲಿ ಜ್ಯೋತಿಬಾ ಡೊಂಗರ, ಅಮಾವಾಸ್ಯೆಗೆ ಆದಮಾಪುರ. ಗಡಹಿಂಗ್ಲಜ ತಾಲ್ಲೂಕಿನ ಹಲಕರ್ಣಿ, ನೂಲ ಭಾಗದ ಕನ್ನಡ ಮಾತಿನ ಊರುಗಳಲ್ಲಿ ಹೆಗಲಿಗೆ ಚೀಲ ಹಾಕಿದವರನ್ನು ಕಂಡರೆ ಮೊದಲು ಬರುವ ಪ್ರಶ್ನೆ, ‘ವಸ್ತಿ ಎಲ್ಲಿ ಮಾಡ್ತೀರಿ ಅಣ್ಣಾರ?’ ಊರು, ಹೆಸರು ಎಲ್ಲ ಆಮೇಲೆ.

ಆದಮಾಪುರದ ಬಾಳುಮಾಮಾ ಹುಟ್ಟಿದ್ದು ನಿಪ್ಪಾಣಿ ಸಮೀಪದ ಅಕ್ಕೋಳದಲ್ಲಿ, 1892ರಲ್ಲಿ. ಅವರ ಬದುಕೆಲ್ಲ ಕುರಿಯ ಹಿಂಡಿನ ಹಿಂದೆ, ಬಯಲಲ್ಲೇ ಕಳೆಯಿತು. 1966ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಹೆಸರಿನ ಹಿಂಡುಗಳು ಗಡಿಯ ಎರಡೂ ಕಡೆಯ ಊರುಗಳಲ್ಲಿ ತಿರುಗುತ್ತಲೇ ಇವೆ. ಹಿಂಡು ಬಂದ ಹೊಲದ ಹತ್ತಿರ ಸಂಜೆ ಆರತಿ, ಊಟ. ಬಂದವರನ್ನು ನೋಡಿಕೊಳ್ಳುವ ಹೊಣೆ ಆ ಊರಿನದು. ಜೈನ ಮುನಿಗಳೂ ಕುಂಭೋಜದ ಬಾಹುಬಲಿ ಕ್ಷೇತ್ರದ ಸುತ್ತಿನ ದಾರಿಗಳಲ್ಲಿ ಬರಿಗಾಲಲ್ಲಿ ವಿಹಾರ ಮಾಡುತ್ತಾರೆ. ಅವರು ಬರುವ ಸುದ್ದಿ ಮುಂಚೆಯೇ ಹೋಗಿರುತ್ತದೆ, ತಂಗುವ ಜಾಗ ಸಿದ್ಧವಿರುತ್ತದೆ. ಮಳೆಗಾಲದ ಚಾತುರ್ಮಾಸದಲ್ಲಿ ಮುನಿಗಳು ನಡಿಗೆ ನಿಲ್ಲಿಸಿ ಒಂದೇ ಕಡೆ ಇರುತ್ತಾರೆ. ಹುಳಹುಪ್ಪಟೆ ಕಾಲಡಿ ಸಿಗುವ ಕಾಲವೆಂದು ಅವರು ನಿಂತರೆ, ನಮ್ಮ ಟ್ರೆಕ್ಕಿಂಗಿನವರು ಹೊರಡುವುದೇ ಆಗ!

ಸಾಮೂಹಿಕ ವಸ್ತಿಯ ದೊಡ್ಡ ಪಾಠ ಇರುವುದು ವಾರಿಯಲ್ಲಿ. ಆಳಂದಿಯ ಜ್ಞಾನೇಶ್ವರ ಪಾಲಖಿಗೆ ಈಗಿನ ಶಿಸ್ತಿನ ರೂಪ ಕೊಟ್ಟವರು ಹೈಬತಬಾಬಾ ಆರಫಳಕರ. ಅದು 1832ರ ಸುಮಾರಿನ ಮಾತು. ಅವರಿಗೆ ಕುದುರೆ, ಡೇರೆ ಕೊಟ್ಟು ಬೆನ್ನಿಗೆ ನಿಂತವರು ಇಚಲಕರಂಜಿಗೆ ದೂರವಲ್ಲದ, ಕೃಷ್ಣಾ ತೀರದ ಅಂಕಲಿಯ ಶಿತೋಳೆ ಸರ್ಕಾರ್. ಬೆಳಗಾವಿ ಜಿಲ್ಲೆಯ ಆ ಊರಿನಿಂದ ಇಂದಿಗೂ ಪ್ರತಿ ವರ್ಷ ಎರಡು ಕುದುರೆಗಳು ಆಳಂದಿಯವರೆಗೆ ನಡೆದೇ ಹೋಗುತ್ತವೆ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯದು, ಅಂದರೆ ಜ್ಞಾನೇಶ್ವರರದು.

ಈ ಪಾಲಖಿಯ ಮುಕ್ಕಾಮಿನಲ್ಲಿ ಪ್ರತಿ ಸಂಜೆ ಸಮಾಜ ಆರತಿ. ದಿಂಡಿಗಳೆಂಬ ವಾರಕರಿಗಳ ತಂಡಗಳೆಲ್ಲವೂ ತಾಳ ಬಾರಿಸುತ್ತಾ ಸುತ್ತ ನೆರೆಯುತ್ತವೆ. ಚೋಪದಾರ ಬೆಳ್ಳಿಯ ದಂಡ ಎತ್ತಿದೊಡನೆ ಸಾವಿರಾರು ತಾಳಗಳು ಒಮ್ಮೆಲೇ ನಿಲ್ಲಬೇಕು. ಯಾವ ದಿಂಡಿಗೆ ದೂರು ಇದೆಯೋ ಅದು ಮಾತ್ರ ಬಾರಿಸುತ್ತಲೇ ಇರುತ್ತದೆ. ಚೋಪದಾರ ಅಲ್ಲಿಗೆ ಹೋಗಿ ಕೇಳುತ್ತಾನೆ. ಜಾಗ ಸಿಗಲಿಲ್ಲವೇ, ನೀರು ಬರಲಿಲ್ಲವೇ, ಸಾಲು ತಪ್ಪಿತೇ ಎಂದು ವಿಚಾರಿಸಿ ಅಲ್ಲೇ ಬಗೆಹರಿಸುತ್ತಾನೆ. ಕಳೆದ, ಸಿಕ್ಕ ವಸ್ತುಗಳ ಹೆಸರನ್ನೂ ಅಲ್ಲೇ ಸಾರುತ್ತಾರೆ. ಲಕ್ಷಾಂತರ ಜನ ವಾರಗಟ್ಟಲೆ ಬಯಲಲ್ಲಿ ಒಟ್ಟಿಗೆ ಮಲಗೆದ್ದು ಹೋಗುವುದು ಭಕ್ತಿಯೊಂದರಿಂದಲೇ ಆಗುವುದಿಲ್ಲ. ಕೇಳುವವನೊಬ್ಬ ಇದ್ದಾನೆ ಎಂಬುದೂ ಅದಕ್ಕೆ ಕಾರಣ.

ನಿದ್ದೆಗೆಡಿಸುವವು

ಈಗ ಸಂಕಟದ ಬಾಬತ್ತು. ಮೊದಲನೆಯದು ಗೊರಕೆ. ನಲವತ್ತು ಜನರ ಕೋಣೆಯಲ್ಲಿ ನಾಲ್ವರು ಸಾಕು. ಮಗ್ಗದ ಖಟಖಟದಲ್ಲೇ ಹುಟ್ಟಿ ಬೆಳೆದ ಇಚಲಕರಂಜಿಯವರೂ ಇದಕ್ಕೆ ಮಣಿಯುತ್ತಾರೆ. ಕಿವಿಗೆ ಹತ್ತಿ ತುರುಕಿದರೆ ಇದನ್ನು ನಿಭಾಯಿಸಬಹುದು. ರಾತ್ರಿ ಎರಡಕ್ಕೆ ಹೆಡ್‌ಲ್ಯಾಂಪ್ ಹಚ್ಚಿ ಪ್ಲಾಸ್ಟಿಕ್ ಚೀಲ ಕೆದಕುವವರನ್ನೂ ಸಹಿಸಬಹುದು. ಉಳಿದವು ಅಷ್ಟು ಸಲೀಸಲ್ಲ.

ಒಂದೇ ಜಮಖಾನ, ಒಂದೇ ಕೌದಿಯಲ್ಲಿ ಮೈಗೆ ಮೈ ತಾಗಿಸಿ ಮಲಗಿದಲ್ಲಿ ಕಜ್ಜಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ತಗಣಿ ಚೀಲದೊಳಗೆ ಸೇರಿ ಮನೆಯವರೆಗೂ ಬರುತ್ತದೆ. ವಾಂತಿಭೇದಿಯ ವೈರಸ್ ಇಂಥ ಜಾಗಕ್ಕೆ ಹೊಕ್ಕರೆ ಒಂದೇ ರಾತ್ರಿಯಲ್ಲಿ ಇಡೀ ತಂಡ ಮಲಗುತ್ತದೆ. ನೊರೊವೈರಸ್ ಸ್ಯಾನಿಟೈಜರ್‌ಗೆ ಸುಲಭವಾಗಿ ಜಗ್ಗುವುದಿಲ್ಲ, ಸೋಪು ಹಚ್ಚಿ ಕೈ ತೊಳೆಯಲೇಬೇಕು. ಬೀಳಿಸಿದ ಅನ್ನದ ಅಗುಳಿಗೆ ಇಲಿ ಬರುತ್ತವೆ. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ ಒಡೆದ ಹಿಮ್ಮಡಿ ಊರಿದವರಿಗೆ ಇಲಿಜ್ವರ ತಗಲಬಹುದು. ವಾರ, ಹತ್ತು ದಿನ ಕಳೆದು ಜ್ವರ ಬಂದಾಗ ವೈದ್ಯರಿಗೆ ನಡಿಗೆಯ ವಿಷಯ ಹೇಳಲು ಜನ ಮರೆಯುತ್ತಾರೆ.

ಇಲಿಯ ಹಿಂದೆ ಹಾವು. ಮರಾಠಿಯವರು ಮಣ್ಯಾರ ಎನ್ನುವ ಕಟ್ಟುಹಾವು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನೇ ಅದು ಹೆಚ್ಚಾಗಿ ಕಚ್ಚುವುದು. ಕಚ್ಚಿದ ಜಾಗದಲ್ಲಿ ಉರಿ, ಬಾವು ಅಷ್ಟಾಗಿ ಇರುವುದಿಲ್ಲ, ಎಷ್ಟೋ ಸಲ ನಿದ್ದೆಯಲ್ಲಿದ್ದವರಿಗೆ ಗೊತ್ತೂ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಕಂಡರೆ ಆಯಾಸವೆಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಂಚನ್ನು ಹಾಸಿಗೆಯಡಿ ಮಡಚಿದ ಸೊಳ್ಳೆಪರದೆ ಸೊಳ್ಳೆಯನ್ನೂ ಹಾವನ್ನೂ ಒಟ್ಟಿಗೇ ತಡೆಯುತ್ತದೆ. 300 ಗ್ರಾಂ ತೂಕದ ಈ ಪರದೆಯನ್ನು ಭಾರವೆಂದು ಬಿಟ್ಟುಬರುವವರೇ ಬಹಳ.

ಹೆಣ್ಣುಮಕ್ಕಳ ಲೆಕ್ಕವೇ ಬೇರೆ. ಗಂಡಸರು ಎಲ್ಲಿ ಬೇಕಾದರೂ ಅಂಗಿ ಬದಲಿಸುತ್ತಾರೆ, ಎಲ್ಲಿ ಬೇಕಾದರೂ ಮರೆ ಹುಡುಕುತ್ತಾರೆ. ಹೆಂಗಸರು ಕತ್ತಲಾಗಲೆಂದು ಕಾಯುತ್ತಾರೆ, ಅಥವಾ ನಸುಕಿಗೇ ಏಳುತ್ತಾರೆ. ಶೌಚಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ದಿನಕ್ಕೆ 25 ಕಿ.ಮೀ. ನಡೆಯುವವರು ನೀರು ಬಿಟ್ಟರೆ ಏನಾದೀತು? ಪಂಢರಪುರದಲ್ಲಿ ವಾರಕರಿಗಳ ವಸ್ತಿಗೆಂದು ನದಿಯಾಚೆ 65 ಎಕರೆ ಬಯಲನ್ನು ಶೌಚಾಲಯ, ನೀರಿನ ಸಮೇತ ಸಜ್ಜುಗೊಳಿಸಿದ್ದು ದೊಡ್ಡ ಹೆಜ್ಜೆ. ಪಾವನಖಿಂಡದ ದಾರಿಯ ವಾಡಿಗಳಿಗೆ ಅಂಥ ಭಾಗ್ಯವಿಲ್ಲ. ಮನೆಯವರ ಒಂದೇ ಶೌಚಾಲಯದ ಮುಂದೆ ಮೂವತ್ತು ಜನರ ಸಾಲು.

ಹೊರಗಿನವರು ಹೇಗೆ ಮಾಡುತ್ತಾರೆ?

ಅಮೆರಿಕದ ಅಪಲಾಚಿಯನ್ ಟ್ರೈಲ್ ಸುಮಾರು 3,500 ಕಿ.ಮೀ. ಉದ್ದ. ದಾರಿಯುದ್ದಕ್ಕೂ 250ಕ್ಕೂ ಹೆಚ್ಚು ತಂಗುದಾಣಗಳು. ಮೂರು ಗೋಡೆ, ಒಂದು ಮಾಡು, ಹಲಗೆಯ ನೆಲ, ಮುಂಭಾಗ ಬಯಲು. ಮೊದಲು ಬಂದವರಿಗೆ ಜಾಗ. ಬಹುಪಾಲು ತಂಗುದಾಣಗಳಲ್ಲಿ ಕಾಯುವವರಿಲ್ಲ. ಇಲಿಕಾಟ ಎಷ್ಟೆಂದರೆ ಎಷ್ಟೋ ಜನ ಒಳಗೆ ಅಡುಗೆ ಮಾಡಿ ಉಂಡು, ಮಲಗಲು ಹೊರಗೆ ತಮ್ಮ ಡೇರೆಗೇ ಹೋಗುತ್ತಾರೆ.

ಸ್ಪೇನಿನ ಸಾಂತಿಯಾಗೊ ಯಾತ್ರೆಯ ದಾರಿಯಲ್ಲಿರುವ ಅಲ್ಬೆರ್ಗೆಗಳದು ಬೇರೆ ಪದ್ಧತಿ. ಯಾತ್ರಿಯ ಕೈಯಲ್ಲಿ ಮುದ್ರೆ ಒತ್ತಿಸಿಕೊಳ್ಳುವ ಗುರುತಿನ ಪುಸ್ತಿಕೆ ಇರಬೇಕು. ಸಾಮಾನ್ಯವಾಗಿ ಒಂದೇ ರಾತ್ರಿ ಇರಬಹುದು, ಹತ್ತರ ಸುಮಾರಿಗೆ ದೀಪ ಆರುತ್ತದೆ. ಬಾಗಿಲಲ್ಲಿ ಬರಮಾಡಿಕೊಂಡು, ಗುಡಿಸಿ, ಅಗತ್ಯಬಿದ್ದರೆ ಗದರಿಸಲು ಒಬ್ಬ ಆತಿಥೇಯ ಇರುತ್ತಾನೆ. ತಗಣಿ ಅಲ್ಲೂ ಇದೆ, ಗೊರಕೆ ಅಲ್ಲೂ ಇದೆ. ಆದರೆ ಗಲೀಜು ಯಾರದೆಂದು ಕೇಳುವವರಿದ್ದಾರೆ. ಜಪಾನಿನ ಶಿಕೊಕು ದ್ವೀಪದ 88 ದೇಗುಲಗಳ ಸುಮಾರು 1,200 ಕಿ.ಮೀ. ಯಾತ್ರೆಯಲ್ಲೂ ಕೆಲವು ದೇಗುಲಗಳು, ಊರವರು ನಡೆದು ಬರುವವರಿಗೆ ಪುಕ್ಕಟೆಯಾಗಿ ಮಲಗಲು ಜಾಗ ಕೊಡುತ್ತಾರೆ.

ಸೂರಿನ ಜೊತೆಗೆ ಅದನ್ನು ನಡೆಸುವ ಹೊಣೆಯನ್ನೂ ಗೊತ್ತುಮಾಡುವ ವಿಚಾರ ಕೊಲ್ಹಾಪುರಕ್ಕೆ ಹೊಸದೇನಲ್ಲ. ಶಿಲಾಹಾರರ ಕಾಲದ ಇಲ್ಲಿನ ಕನ್ನಡ ಶಾಸನಗಳು ಬಸದಿಯ ಮುನಿಗಳ ಆಹಾರದಾನಕ್ಕೆ ದತ್ತಿ ಬಿಟ್ಟುದನ್ನು ಹೇಳುತ್ತವೆ. ಕಟ್ಟಡ ಕಟ್ಟಿ ಕೈತೊಳೆದುಕೊಳ್ಳದೆ, ಅದು ನಡೆಯಲು ಬೇಕಾದ ಆದಾಯವನ್ನೂ ಬರೆದುಕೊಟ್ಟವರು ಅವರು. 20ನೇ ಶತಮಾನದ ಆರಂಭದಲ್ಲಿ ಶಾಹು ಮಹಾರಾಜರು ಜೈನ, ಮುಸ್ಲಿಂ, ಲಿಂಗಾಯತ ಎಂದು ಒಂದೊಂದು ಸಮಾಜದ ಹಳ್ಳಿಹುಡುಗರಿಗೂ ಬೋರ್ಡಿಂಗ್ ಏಳಲು ನೆರವಾದಾಗಲೂ ನಡೆಸುವ ಹೊಣೆ ಆಯಾ ಸಮಾಜದ್ದಾಯಿತು.

ಯಜಮಾನರಿರುವ ಸೂರು

ಇದರಿಂದ ನನಗೆ ಕಾಣುವುದು ಇಷ್ಟು. ಸಾಮೂಹಿಕ ವಸ್ತಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಗೋಡೆ, ಮಾಡಿನ ಮೇಲೆ ನಿಂತಿಲ್ಲ, ಅಲ್ಲಿ ಯಜಮಾನರು ಯಾರು ಎಂಬುದರ ಮೇಲೆ ನಿಂತಿದೆ. ವಾಡಿಯ ಪಡಸಾಲೆಯಲ್ಲಿ ಮಲಗಿದವರು ಬೆಳಗ್ಗೆ ಹಾಸಿಗೆ ಮಡಚಿಟ್ಟು ಹೋಗುತ್ತಾರೆ. ಮನೆಯ ಅಕ್ಕ ಎದುರಿಗಿರುತ್ತಾಳೆ. ಅದೇ ಜನ ಶಾಲೆಯ ಕೋಣೆಯಲ್ಲಿ ಮಲಗಿದರೆ ಬಿಸ್ಕತ್ತಿನ ಕಾಗದ, ಹರಿದ ರೇನ್‌ಕೋಟು, ಕೆಸರಿನ ಹೆಜ್ಜೆ ಬಿಟ್ಟು ಹೊರಡುತ್ತಾರೆ. ಶನಿವಾರ ರಾತ್ರಿ ಬಿಟ್ಟುಹೋದ ಆ ಕೆಸರಿನ ಮೇಲೆ ಸೋಮವಾರ ಬೆಳಗ್ಗೆ ಒಂದನೇ ಇಯತ್ತೆಯ ಮಕ್ಕಳು ಕೂರಬೇಕು.

ಆದ್ದರಿಂದ ಆಯ್ಕೆಯಿದ್ದರೆ ಮನೆಯವರಿರುವ ಜಾಗವನ್ನೇ ಆರಿಸಿಕೊಳ್ಳಿ, ಊಟಕ್ಕೆ ಎಷ್ಟು, ವಸ್ತಿಗೆ ಎಷ್ಟು ಎಂದು ಮೊದಲೇ ಮಾತಾಡಿ ಕೊಡಿ. ಶಾಲೆಯೋ ಗುಡಿಯೋ ಆದರೆ ತಂಡದಲ್ಲೇ ಒಬ್ಬರನ್ನು ಚೋಪದಾರರನ್ನಾಗಿ ಮಾಡಿ. ದೀಪ ಆರಿಸುವ ಹೊತ್ತು, ಹೆಣ್ಣುಮಕ್ಕಳ ಕೋಣೆ, ಚಪ್ಪಲಿ ಬಿಡುವ ಜಾಗ, ಬೆಳಗ್ಗೆ ಕಸ ಹೊಡೆಯುವವರು ಯಾರು ಎಂಬುದನ್ನೆಲ್ಲ ಊಟಕ್ಕೆ ಮುಂಚೆಯೇ ಅವರು ಹೇಳಲಿ. ಎರಡು ಮೀಟರ್ ಹತ್ತಿಯ ಹಚ್ಚಡವನ್ನು ಚೀಲದಂತೆ ಹೊಲಿಸಿಕೊಂಡರೆ ಯಾರ ಕೌದಿಯಲ್ಲಿ ಮಲಗಿದರೂ ಮೈಗೆ ತಾಗುವುದು ನಿಮ್ಮದೇ ಬಟ್ಟೆ. ಅದಕ್ಕೆ ಬೇಕಾದ ಬಟ್ಟೆಗೆ ಇಚಲಕರಂಜಿಯಲ್ಲಿ ಬರವಿಲ್ಲ. ಸೊಳ್ಳೆಪರದೆ, ಒಂದು ತುಂಡು ಸೋಪು, ಮಲಗುವಾಗ ಹಾಕಲು ಒಣ ಕಾಲುಚೀಲ, ಕಿವಿಗೆ ಹತ್ತಿ. ಎಲ್ಲ ಸೇರಿ ಒಂದು ಕಿಲೋ ಮೀರುವುದಿಲ್ಲ. ಕೆಮ್ಮು, ಜ್ವರ, ಭೇದಿ ಇದ್ದವರು ಮನೆಯಲ್ಲೇ ಉಳಿಯುವುದು ಧರ್ಮ.

ಈ ಆಷಾಢಕ್ಕೆ ತಂಡ ಕಟ್ಟುವವರಲ್ಲಿ ಒಂದು ವಿನಂತಿ. ಮೊದಲು ನೂರಾರು ಹೆಸರು ಬರೆದುಕೊಂಡು, ಆಮೇಲೆ ಜಾಗ ಹುಡುಕಬೇಡಿ. ಮೊದಲು ವಾಡಿಯವರನ್ನು ಕೇಳಿ, ಎಷ್ಟು ಜನರಿಗೆ ಭಾಕರಿ ಬಡಿಯಲು ಆಗುತ್ತದೆ, ಎಷ್ಟು ಜನ ಮಲಗಲು ಆಗುತ್ತದೆ ಎಂದು. ಅವರು ಇಪ್ಪತ್ತು ಎಂದರೆ ಇಪ್ಪತ್ತೇ ಹೆಸರು ಬರೆದುಕೊಳ್ಳಿ.