ಫೋಟೊ ತಿದ್ದಿ, ಮೂಲ ಮಾತ್ರ ಮುಟ್ಟಬೇಡಿ!

ಮಗಳ ನಾಮಕರಣ, ಮಗನ ಹುಟ್ಟುಹಬ್ಬ, ಗೃಹಪ್ರವೇಶ, ದಸರೆಯ ಬೊಂಬೆ... ಒಳ್ಳೆಯ ಕ್ಯಾಮೆರಾ ಕೊಂಡ ಮೇಲೆ ಫೋಟೊಗಳಿಗೇನು ಬರ? ಕಂಪ್ಯೂಟರಿನಲ್ಲಿ ಜಾಗ ಸಾಲದೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದನ್ನು ತಂದು, ಎಲ್ಲವನ್ನೂ ಅದಕ್ಕೆ ತುಂಬಿ, ಬೀರುವಿನಲ್ಲಿ ಸೀರೆಗಳ ಮಧ್ಯೆ ಜೋಪಾನ ಮಾಡಿದ್ದೂ ಆಯಿತು. ಈಗ ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದನ್ನೇ ತೆರೆದು, ಚೂರು ಬೆಳಕು ಹೆಚ್ಚಿಸಿ, ಬೇಡದ್ದನ್ನು ಕತ್ತರಿಸಿ ಆಲ್ಬಂ ಮಾಡಿಸುವ ಆಸೆ ಅಲ್ವಾ? ಖಂಡಿತ ಮಾಡಿ. ಆದರೆ ‘ಸೇವ್’ ಒತ್ತುವ ಮುನ್ನ ಒಂದು ನಿಮಿಷ ತಾಳಿ!

ನನ್ನ ಪರಿಚಯದ ಗೃಹಿಣಿಯೊಬ್ಬರು ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊ ಫ್ರೇಮ್ ಹಾಕಿಸಲು ಹೊರಟರು. ಮಗುವೊಂದೇ ಕಾಣಲಿ ಎಂದು ಪಕ್ಕದಲ್ಲಿ ನಗುತ್ತಾ ಕೂತಿದ್ದ ಅತ್ತೆಯ ಭಾಗವನ್ನು ಕತ್ತರಿಸಿ, ಅದೇ ಫೈಲಿಗೆ ಸೇವ್ ಮಾಡಿದರು. ಮರುವರ್ಷ ಅತ್ತೆ ತೀರಿಕೊಂಡರು. ಗೋಡೆಗೆ ಹಾಕಲು ಅವರ ನಗುಮುಖದ ಫೋಟೊ ಹುಡುಕಿದಾಗ ಎಲ್ಲರಿಗೂ ನೆನಪಾಗಿದ್ದು ಅದೇ ಚಿತ್ರ. ಕತ್ತರಿಸಿದ ಭಾಗ ಮಾತ್ರ ಎಲ್ಲೂ ಇರಲಿಲ್ಲ. ಬೇರೆ ಪ್ರತಿ ಇಟ್ಟಿರದಿದ್ದರೆ ಇದು ಯಾರ ಮನೆಯಲ್ಲೂ ಆಗಬಹುದು. ಮೂಲವನ್ನು ಮುಟ್ಟದೆ ತಿದ್ದುವ ವಿಧಾನ ಗೊತ್ತಿದ್ದರೆ ಈ ಪೇಚಾಟವೇ ಇರುವುದಿಲ್ಲ.

ರಾ ಅಂದ್ರೆ ಏನು?

ನಾವು ಸಾಮಾನ್ಯವಾಗಿ ನೋಡುವ ಫೋಟೊ ‘ಜೆಪೆಗ್’. ಇದು ಕ್ಯಾಮೆರಾವೇ ಬಣ್ಣ, ಬೆಳಕು ಹದ ಮಾಡಿ, ಗಾತ್ರ ಕುಗ್ಗಿಸಿ ಬಡಿಸಿದ ಅಡುಗೆ. ‘ರಾ’ ಅಂದರೆ ಹೆಚ್ಚಿಟ್ಟ ಹಸಿ ತರಕಾರಿ. ಕ್ಯಾಮೆರಾದ ಸೆನ್ಸರ್ ಕಂಡಿದ್ದೆಲ್ಲಾ ಹಾಗೇ ಇರುತ್ತೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತಗಳಾದರೆ, 14 ಬಿಟ್ ರಾ ಫೈಲಿನಲ್ಲಿ 16,384 ಹಂತಗಳು! ದೀಪದ ಮುಂದೆ ಕೂತ ಅಜ್ಜಿಯ ಮುಖ ಕಪ್ಪಾಗಿ ಬಂದಿದ್ದರೂ ರಾ ಫೈಲಿನಿಂದ ಅದನ್ನು ಮೇಲೆತ್ತಬಹುದು ಅನ್ನೋದು ಇದಕ್ಕೇ. ಕ್ಯಾನನ್‌ನಲ್ಲಿ ಸಿಆರ್2 ಅಥವಾ ಸಿಆರ್3, ನಿಕಾನ್‌ನಲ್ಲಿ ಎನ್ಇಎಫ್, ಸೋನಿಯಲ್ಲಿ ಎಆರ್‌ಡಬ್ಲ್ಯು ಎಂದು ಫೈಲಿನ ಹೆಸರು ಮುಗಿದರೆ ಅದು ರಾ. ಕೆಲವು ಮೊಬೈಲುಗಳು ಡಿಎನ್‌ಜಿ ರೂಪದಲ್ಲಿ ಕೊಡುತ್ತವೆ.

ಕತ್ತರಿ ಹಾಕದ ಹೊಲಿಗೆ

ಜಾಣ ಟೈಲರ್ ರವಿಕೆ ಹೊಲಿಯುವಾಗ ಏನು ಮಾಡ್ತಾನೆ? ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾನೆ. ಮುಂದೆ ನೀವು ದಪ್ಪಗಾದರೆ ಹೊಲಿಗೆ ಬಿಚ್ಚಿದರಾಯಿತು! ಲೈಟ್‌ರೂಮ್, ಡಾರ್ಕ್‌ಟೇಬಲ್, ರಾಥೆರಪಿಯಂಥ ತಂತ್ರಾಂಶಗಳು ಮಾಡುವುದೂ ಇದನ್ನೇ. ನೀವು ಬೆಳಕು ಹೆಚ್ಚಿಸಿದಿರಿ, ಬಣ್ಣ ಬದಲಿಸಿದಿರಿ, ಅಂಚು ಕತ್ತರಿಸಿದಿರಿ ಅನ್ನಿ. ಮೂಲ ಫೈಲಿನ ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ‘ಬೆಳಕು ಇಷ್ಟು, ಕತ್ತರಿ ಇಲ್ಲಿಂದ ಇಲ್ಲಿಗೆ’ ಎಂದು ಒಂದು ಚೀಟಿ ಮಾತ್ರ ಬರೆದಿಟ್ಟುಕೊಳ್ಳುತ್ತವೆ. ಐದು ವರ್ಷ ಬಿಟ್ಟು ‘ರೀಸೆಟ್’ ಒತ್ತಿದರೂ ಕತ್ತರಿಸಿದ ಭಾಗ ಮತ್ತೆ ಹಾಜರ್! ಮುದ್ರಣಕ್ಕೆ ಬೇಕಾದಾಗ ‘ಎಕ್ಸ್‌ಪೋರ್ಟ್’ ಮಾಡಿ, ಹೊಸ ಜೆಪೆಗ್ ಹುಟ್ಟುತ್ತದೆ.

ಹಣ ಕೊಡಬೇಕೇ ಅಂತೀರಾ? ಲೈಟ್‌ರೂಮ್‌ಗೆ ಚಂದಾ ಕಟ್ಟಬೇಕು. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಪೂರ್ತಿ ಉಚಿತ. ಮೊದಮೊದಲು ಸ್ವಲ್ಪ ಗಲಿಬಿಲಿಯಾದರೂ ಕೈಗೆ ಹತ್ತುತ್ತವೆ.

ಚೀಟಿ ಎಲ್ಲಿರುತ್ತೆ?

ಬಹಳಷ್ಟು ಮಂದಿ ಎಡವುವುದು ಇಲ್ಲೇ. ಫೋಟೊಗಳು ಬೀರುವಿನ ಡಿಸ್ಕ್‌ನಲ್ಲಿ ಇರುತ್ತವೆ, ಆದರೆ ಲೈಟ್‌ರೂಮ್ ಕ್ಲಾಸಿಕ್ ತನ್ನ ಚೀಟಿಗಳನ್ನೆಲ್ಲಾ ‘ಕ್ಯಾಟಲಾಗ್’ ಎಂಬ ಒಂದೇ ಫೈಲಿನಲ್ಲಿ ಸಾಮಾನ್ಯವಾಗಿ ಕಂಪ್ಯೂಟರಿನೊಳಗೇ ಇಡುತ್ತದೆ. ಕಂಪ್ಯೂಟರ್ ಕೆಟ್ಟಿತೋ, ಫೋಟೊ ಉಳಿಯುತ್ತೆ, ನಿಮ್ಮ ತಿಂಗಳುಗಟ್ಟಲೆಯ ಕೆಲಸ ಹೋಗುತ್ತೆ. ಡಿಸ್ಕ್ ಕೆಟ್ಟಿತೋ, ಚೀಟಿ ಉಳಿಯುತ್ತೆ, ಫೋಟೊನೇ ಇರಲ್ಲ! ಇನ್ನೊಂದು ವಿಷಯ: ಲೈಟ್‌ರೂಮ್ ಆಗಾಗ ‘ಬ್ಯಾಕಪ್ ಮಾಡಲೇ?’ ಎಂದು ಕೇಳುತ್ತಲ್ಲಾ, ಅದು ಕ್ಯಾಟಲಾಗ್‌ಗೆ ಮಾತ್ರ. ಫೋಟೊಗಳ ಪ್ರತಿಯನ್ನು ನೀವೇ ಮಾಡಬೇಕು.

ಡಾರ್ಕ್‌ಟೇಬಲ್ ಪ್ರತಿ ಫೋಟೊದ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಚೀಟಿಯನ್ನು ತಾನಾಗಿಯೇ ಇಡುತ್ತದೆ. ಲೈಟ್‌ರೂಮ್‌ನಲ್ಲೂ ಫೋಟೊ ಆರಿಸಿ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ರಾ ಫೈಲಿನ ಪಕ್ಕದಲ್ಲಿ ಇಂಥದ್ದೇ ಚೀಟಿ ತಯಾರು. ಡಿಸ್ಕ್ ಸ್ವಚ್ಛ ಮಾಡುವಾಗ ‘ಇದೇನೋ ಕಸ’ ಅಂತ ಈ ಪುಟ್ಟ ಫೈಲುಗಳನ್ನು ಅಳಿಸಿಬಿಟ್ಟೀರಿ, ಹುಷಾರ್!

ಡಿಸ್ಕ್ ಜೋಡಿಸದೆಯೂ ತಿದ್ದಬಹುದೇ?

ತಿದ್ದಬಹುದು. ಲೈಟ್‌ರೂಮ್‌ನಲ್ಲಿ ‘ಸ್ಮಾರ್ಟ್ ಪ್ರಿವ್ಯೂ’ ಮಾಡಿಟ್ಟರೆ ಫೋಟೊದ ಚಿಕ್ಕ ರೂಪ ಕಂಪ್ಯೂಟರಿನಲ್ಲಿ ಉಳಿಯುತ್ತೆ. ತವರಿಗೆ ಹೋದಾಗ ಲ್ಯಾಪ್‌ಟಾಪ್ ಒಂದೇ ಸಾಕು. ತಿದ್ದಿ ಬನ್ನಿ, ಮನೆಗೆ ಬಂದು ಡಿಸ್ಕ್ ಜೋಡಿಸಿದ ಕೂಡಲೇ ಆ ತಿದ್ದುಪಡಿ ದೊಡ್ಡ ಫೋಟೊಗೂ ಅನ್ವಯ. ಡಾರ್ಕ್‌ಟೇಬಲ್‌ನಲ್ಲಿ ಇದೇ ಕೆಲಸಕ್ಕೆ ‘ಲೋಕಲ್ ಕಾಪಿ’ ಇದೆ.

ಇವಿಷ್ಟು ನೆನಪಿರಲಿ

* ಫೋಲ್ಡರ್‌ಗಳ ಹೆಸರು ಬದಲಿಸುವುದು, ಜಾಗ ಬದಲಿಸುವುದು ಏನಿದ್ದರೂ ತಂತ್ರಾಂಶದ ಒಳಗಿಂದಲೇ ಮಾಡಿ. ಹೊರಗಿಂದ ಮಾಡಿದರೆ ಅದಕ್ಕೆ ಫೋಟೊ ಎಲ್ಲಿದೆ ಎಂದೇ ತಿಳಿಯದು.

* ಲೈಟ್‌ರೂಮ್‌ನಲ್ಲಿ ಫೋಲ್ಡರ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ಡಿಸ್ಕ್ ಜೋಡಿಸಿದೆಯೇ ನೋಡಿ. ಜೋಡಿಸಿದ್ದರೂ ಹಾಗೇ ಇದ್ದರೆ ವಿಂಡೋಸ್ ಅದರ ಅಕ್ಷರವನ್ನು ‘ಇ’ಯಿಂದ ‘ಎಫ್’ಗೆ ಬದಲಿಸಿರಬಹುದು. ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ ಒತ್ತಿ ಜಾಗ ತೋರಿಸಿದರಾಯಿತು. ಗಾಬರಿಯಲ್ಲಿ ‘ರಿಮೂವ್’ ಮಾತ್ರ ಒತ್ತಬೇಡಿ.

* ಡಿಸ್ಕ್ ತೆಗೆಯುವಾಗ ‘ಇಜೆಕ್ಟ್’ ಮಾಡಿಯೇ ತೆಗೆಯಿರಿ. ಕೆಲಸ ನಡೆಯುವಾಗ ಕೇಬಲ್ ಎಳೆದರೆ ಫೈಲ್ ಕೆಡಬಹುದು. ಮಕ್ಕಳ ಕೈಗೆ ಕೇಬಲ್ ಸಿಗದಿರಲಿ.

* ರಾ ಫೈಲ್ ದೊಡ್ಡದು. ಒಂದು 30 ಎಂಬಿ ಎಂದಿಟ್ಟುಕೊಂಡರೆ 1 ಟಿಬಿ ಡಿಸ್ಕ್‌ನಲ್ಲಿ ಸುಮಾರು 33,000 ಹಿಡಿಯುತ್ತವೆ. ಕಣ್ಣು ಮುಚ್ಚಿದ, ಅಲುಗಿದ ಚಿತ್ರಗಳನ್ನು ಮೊದಲೇ ತೆಗೆದುಹಾಕಿ.

* ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಪಾಲಿಸಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ. ಕ್ಲೌಡ್ ದುಬಾರಿ ಎನಿಸಿದರೆ ಎರಡನೇ ಡಿಸ್ಕ್ ಒಂದನ್ನು ತವರಿನಲ್ಲೋ ಅಕ್ಕನ ಮನೆಯಲ್ಲೋ ಇಡಿ. ಹಬ್ಬಕ್ಕೆ ಹೋದಾಗೆಲ್ಲ ಹೊಸ ಫೋಟೊ ಮತ್ತು ಕ್ಯಾಟಲಾಗ್ ಎರಡನ್ನೂ ಸೇರಿಸಿ.

ಇನ್ನು ಜೆಪೆಗ್ ಮಾತ್ರ ಇರುವವರು ಬೇಸರಿಸಬೇಡಿ. ಈ ತಂತ್ರಾಂಶಗಳು ಜೆಪೆಗ್‌ನ ಮೂಲವನ್ನೂ ಹೀಗೇ ಕಾಪಾಡುತ್ತವೆ. ಬೇರೆ ಸಾಧಾರಣ ತಂತ್ರಾಂಶದಲ್ಲಿ ತಿದ್ದುವುದಾದರೆ ‘ಸೇವ್’ ಬದಲು ‘ಸೇವ್ ಆ್ಯಸ್’ ಒತ್ತಿ ಬೇರೆ ಹೆಸರು ಕೊಡಿ, ಅಷ್ಟೇ.

ಇಂದು ಚೌಕಟ್ಟಿಗೆ ಬೇಡವೆನಿಸಿದ ಮೂಲೆಯಲ್ಲಿ ಅಜ್ಜಿಯ ಕೈ, ಹಳೇ ಮನೆಯ ತೊಟ್ಟಿಲು, ಹಿತ್ತಿಲ ಬಾವಿಕಟ್ಟೆ ಇರಬಹುದು. ನಾಳೆ ಮಗಳು ಹುಡುಕುವುದು ಅದನ್ನೇ ಆದೀತು. ಹಾಗಾಗಿ ಈ ವಾರವೇ ಬೀರು ತೆರೆದು ಡಿಸ್ಕ್ ಹೊರಗೆ ತೆಗೆಯಿರಿ. ತಿದ್ದುವ ಕೆಲಸ ನಿಧಾನಕ್ಕೆ ಆಗಲಿ. ಮೊದಲು ಇನ್ನೊಂದು ಪ್ರತಿ ಮಾಡಿಡಿ!